ತಟ್ಟದ ಕೈ

ಬೆಳಗಿನ ಅನ್ನದ ಹಬೆ ಕನ್ನಡಕಕ್ಕೆ ಹತ್ತಿ ಚಿಗುಸಾಳಿಗೆ ಒಂದು ಗಳಿಗೆ ಏನೂ ಕಾಣಲಿಲ್ಲ. ಹಬೆ ಇಳಿದ ಮೇಲೆ ಕಂಡದ್ದನ್ನು ಅವಳು ನಂಬಲಿಲ್ಲ. ಬುದ್ಧನ ಗೂಡಿನ ಕಪ್ಪು ಅರಗಿನ ಬಾಗಿಲುಗಳ ಒಳಗೆ, ಚಿನ್ನದ ರೇಕಿನ ಮಂಕು ಮಿನುಗಿನಲ್ಲಿ, ಬಲಗೈ ಎತ್ತಿ ನಿಂತ ಅಮಿದ ಬುದ್ಧನ ಪಾದದ ಪಕ್ಕ ಹೆಬ್ಬೆರಳಿನಷ್ಟು ಎತ್ತರದ ಕಂಚಿನ ಹೆಂಗಸೊಬ್ಬಳು ನಿಂತಿದ್ದಳು. ಅವಳ ಬೆನ್ನು ಕೊಂಚ ಮುಂದಕ್ಕೆ ಬಾಗಿತ್ತು, ಬಲಗೈ ಭುಜದ ಮಟ್ಟಕ್ಕೆ ಎದ್ದಿತ್ತು. ಎರಕ ಹೊಯ್ದಾಗ ಕಂಚು ಬೆರಳುಗಳವರೆಗೆ ಹರಿಯದೆ ನಿಂತುಹೋಗಿದ್ದರಿಂದ ಆ ಕೈ ಮುಷ್ಟಿಯೋ ತೆರೆದ ಅಂಗೈಯೋ ಹೇಳಲು ಬರುತ್ತಿರಲಿಲ್ಲ. ಅವಳ ಮುಂದೆ ಯಾರೋ ಪುಟ್ಟ ಹಿತ್ತಾಳೆ ಬಟ್ಟಲಲ್ಲಿ ಅನ್ನ ಇಟ್ಟಿದ್ದರು. ಅದು ನಿನ್ನೆಯ ಅನ್ನ, ಒಣಗಿ ಮೇಲ್ಗಡೆ ಬಿರುಕು ಬಿಟ್ಟಿತ್ತು. ಹಾಗಾದರೆ ನಿನ್ನೆಯಿಂದಲೇ ಇವಳು ಇಲ್ಲಿದ್ದಾಳೆ. ನಿನ್ನೆ ಸಂಜೆ ತಾನು ಇದೇ ಗೂಡಿನ ಎದುರು ಕೂತು ಕೈ ಮುಗಿದಾಗಲೂ ಇದ್ದಳು, ತಾನು ಮುಗಿದ ಕೈ ಇವಳಿಗೂ ಸಂದಿತು ಎನ್ನುವುದು ಹೊಳೆದು ಚಿಗುಸಾಳ ಕತ್ತಿನ ಹಿಂದೆ ತಣ್ಣಗಾಯಿತು. ಕಾರ್ಖಾನೆಯ ಹಿಂದಿನ ಕಪಾಟಿನಲ್ಲಿ, ಹಳೇ ಚಹಾ ಡಬ್ಬಿಯೊಳಗೆ, ಹತ್ತಿ ಬಟ್ಟೆ ಸುತ್ತಿ ಮುಚ್ಚಿಟ್ಟದ್ದು ಇದು. ತನ್ನ ಕೈಯಾರೆ ಮಾಡಿದ್ದು. ತೆಗೆದುಬಿಡಬೇಕೆಂದು ಕೈ ಚಾಚಿದಳು. ಅನ್ನ ಇಟ್ಟು ಕೈ ಮುಗಿದದ್ದನ್ನು ಸರಕ್ಕನೆ ಎತ್ತಿ ಏಪ್ರನ್ ಜೇಬಿಗೆ ಹಾಕಿಕೊಳ್ಳುವುದು ಹೇಗೆಂದು ತಿಳಿಯದೆ ಚಾಚಿದ ಕೈಯಲ್ಲಿ ದೀಪದ ಬತ್ತಿ ಸರಿಮಾಡಿ, ಹೊಸ ಅನ್ನವನ್ನು ಬುದ್ಧನ ಮುಂದಿಟ್ಟು, ಬಟ್ಟಲುಗಂಟೆಯನ್ನು ಕೋಲಿನಿಂದ ಒಮ್ಮೆ ಬಡಿದಳು.

ಆ ಗಂಟೆ ಈ ಮನೆಯದೇ ಎರಕ. ಮೂರು ತಲೆಮಾರಿನಿಂದ ಈ ಮನೆಯವರು ಇನ್ನೇನೂ ಮಾಡಿದವರಲ್ಲ, ಊರೂರಿನ ಮನೆಗಳ ಬುದ್ಧನ ಗೂಡಿಗೆ ಬಟ್ಟಲುಗಂಟೆಗಳನ್ನು ಎರೆದು, ಕೆರೆದು, ದನಿ ಕೂಡಿಸಿ ಕಳಿಸುವವರು. ದನಿ ಎದ್ದು ಕೋಣೆಯ ಮೂಲೆಗಳನ್ನು ಮುಟ್ಟಿ ತಿರುಗಿ ಬಂದು ತೆಳ್ಳಗಾಗುತ್ತ ಹೋಯಿತು. ಎಲ್ಲಿ ಮುಗಿಯಿತೆಂದು ಚಿಗುಸಾಳಿಗೆ ಇಷ್ಟು ವರ್ಷವಾದರೂ ಒಂದು ಸಲವೂ ಗೊತ್ತಾಗಿಲ್ಲ. ಮುಗಿದ ಮೇಲೂ ಕಿವಿ ಕೇಳುತ್ತಲೇ ಇರುತ್ತದೆ. ಆವತ್ತೂ ಹಾಗೇ ಕಿವಿಗೊಟ್ಟು ನಿಂತಿದ್ದಳು, ಕಳೆದ ಚಳಿಗಾಲ, ಬಚ್ಚಲಿನ ಮಸುಕು ಗಾಜಿನ ಬಾಗಿಲ ಹೊರಗೆ. ಚಳಿಯಲ್ಲಿ ಬಿಸಿನೀರಿನ ತೊಟ್ಟಿಗೆ ಇಳಿದ ಮುದುಕರು ಅಲ್ಲೇ ಕಣ್ಣು ಮುಚ್ಚಿಬಿಡುವುದು ಈ ಊರಲ್ಲಿ ಹೊಸದಲ್ಲ. ಎದುರು ಬೀದಿಯ ಕ್ಷೌರದಂಗಡಿಯ ಅಜ್ಜ ಹಾಗೇ ಹೋದ. ಆದ್ದರಿಂದ ಅತ್ತೆ ಕಿನು ಸ್ನಾನಕ್ಕೆ ಇಳಿದಾಗಲೆಲ್ಲ ಚಿಗುಸಾ ಅಡುಗೆಮನೆಯಿಂದಲೇ ಆಗಾಗ ಕೂಗಬೇಕು, ಅಮ್ಮಾ, ನೀರು ಹದವಾಗಿದೆಯಾ ಎಂದು. ಒಳಗಿಂದ ಹೂಂ ಬರಬೇಕು. ಆ ಸಂಜೆ ಹೂಂ ಬರಲಿಲ್ಲ. ಮತ್ತೆ ಕೂಗಿದಳು, ಉತ್ತರವಿಲ್ಲ. ಮೂಲಂಗಿ ಹೆಚ್ಚುತ್ತಿದ್ದ ಕೈಯನ್ನು ಒರೆಸಿಕೊಂಡು ಹೋಗಿ ಬಾಗಿಲ ಮುಂದೆ ನಿಂತು, ತಟ್ಟಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಯಾಕೆ ನಿಂತಿತು? ಗಾಜಿನಾಚೆ ನೀರಿನ ಸದ್ದೂ ಇರಲಿಲ್ಲ. ಆ ನಿಶ್ಶಬ್ದದಲ್ಲಿ ಅವಳ ಕಣ್ಣ ಮುಂದೆ ಒಂದು ಕೋಣೆ ತೆರೆದುಕೊಂಡಿತ್ತು. ಅತ್ತೆಯ ಕೋಣೆಯೇ, ಆದರೆ ಹಾಸಿಗೆ ಇಲ್ಲ, ಔಷಧಿಯ ವಾಸನೆ ಇಲ್ಲ, ಕಿಟಕಿ ಹಾರುಹೊಡೆದಿದೆ, ಚಾಪೆಯ ಮೇಲೆ ಬಿಸಿಲು ಬಿದ್ದಿದೆ, ಪರದೆ ಉಬ್ಬಿ ಉಬ್ಬಿ ಇಳಿಯುತ್ತಿದೆ. ಎಷ್ಟು ಬೆಳಕು, ಎಷ್ಟು ಗಾಳಿ! ಅಲ್ಲಿ ಒಬ್ಬಳೇ ಕೂತು ಮೇಣ ತಿದ್ದುತ್ತಿರುವ ತನ್ನ ಬೆನ್ನನ್ನು ತಾನೇ ಕಂಡಳು. ಎಷ್ಟು ಹೊತ್ತು ನೋಡಿದಳೋ. ಆಮೇಲೆ ಒಳಗೆ ಕೆಮ್ಮು ಕೇಳಿತು. ಕೈ ಇಳಿಸಿ, ಸದ್ದಾಗದಂತೆ ಅಡುಗೆಮನೆಗೆ ಹೋಗಿ ಉಳಿದ ಮೂಲಂಗಿಯನ್ನು ಹೆಚ್ಚಿದಳು. ಅಷ್ಟೇ ಆದದ್ದು, ಎಂದರೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎನ್ನುವುದೇ ಕಷ್ಟವಾಗಿತ್ತು. ಆಗದೇ ಉಳಿದದ್ದನ್ನು ಯಾರ ಮುಂದೆ ಹೇಳಿಕೊಂಡು ಅಳುವುದು, ಯಾರು ಅದನ್ನು ಕ್ಷಮಿಸಿಯಾರು?

"ಏನೇ ಇವ್ಳೇ, ನಿನ್ನ ದೆವ್ವದ ಮರಿಗಳನ್ನ ಕರ್ಕೊಂಡು ಹೋಗೋಕೆ ಆ ಹುಡುಗಿ ಬರೋದು ಇವತ್ತೇ ಅಲ್ವಾ?" ಎಂದ ಮೊರಿಯೊ, ಊಟದ ಮಣೆಯ ಮುಂದೆ ಬಟ್ಟಲನ್ನು ಚಾಚುತ್ತ. ಅವನಿಗೆ ಬೆಳಗ್ಗೆ ಗಂಡನ ಮುಖ ಇರುವುದಿಲ್ಲ, ಎರಕದವನ ಮುಖ ಇರುತ್ತದೆ. ಹುಬ್ಬುಗಳು ಸುಟ್ಟು ಸುಟ್ಟು ಬೆಳೆಯುವುದನ್ನೇ ಬಿಟ್ಟಿವೆ.

"ಮಧ್ಯಾಹ್ನ ಬರ್ತೀನಿ ಅಂದಿದಾರೆ," ಎಂದಳು ಚಿಗುಸಾ.

"ಯಾವ ಹುಡುಗಿ?" ಕಿನು ಕೇಳಿದಳು. ಅಡಿಯಲ್ಲಿ ಬಿಸಿ ಇರುವ ಗಿಡ್ಡ ಮೇಜು, ಕೊತಾತ್ಸುವಿನ ದಪ್ಪ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು, ಒಳಗೆ ಕಾಲಿಟ್ಟು, ಮೆತ್ತಗಿನ ಗಂಜಿಯನ್ನು ಚಮಚದಲ್ಲಿ ಕಲಕುತ್ತಿದ್ದಳು.

"ಕರಕುಶಲ ಭವನದವಳು ಅಮ್ಮ, ಹೊರಿಯೆ ಅಂತ. ನಿನ್ನ ಸೊಸೆ ದೊಡ್ಡ ಕಲಾವಿದೆ ಆಗಿಬಿಟ್ಲು. ನಾನು ಜೀವಮಾನ ಪೂರ್ತಿ ಗಂಟೆ ಮಾಡಿದೆ, ಒಬ್ಬರಾದ್ರೂ ನನ್ನ ಗಂಟೆ ಗಾಜಿನ ಪೆಟ್ಟಿಗೆಯಲ್ಲಿ ಇಡ್ತೀನಿ ಅಂದ್ರಾ? ಇವಳು ಮೂಸೆಯಲ್ಲಿ ಉಳಿದ ಚೂರುಪಾರಲ್ಲಿ ತನ್ನ ಹೆದರಿಕೆಗಳನ್ನೇ ಬೊಂಬೆ ಮಾಡಿದ್ಲು ನೋಡು, ಕಾರು ತಗೊಂಡು ಬರ್ತಾರೆ."

"ಗೂಡಿಗೆ ಹೊಸಬರು ಬಂದಿದಾರೆ. ನೋಡಿದ್ಯಾ?" ಕಿನು ಮಗನ ಮಾತನ್ನು ಕೇಳಿಸಿಕೊಂಡಂತಿರಲಿಲ್ಲ. "ನಿಮ್ಮಪ್ಪ ಮಾಡಿದ್ದಿರಬೇಕು. ಕಿವಿ ಸರಿಯಾಗಿ ಕೂತಿಲ್ಲ. ಅವರಿಗೆ ಕಿವಿ ಯಾವತ್ತೂ ಬರ್ತಿರ್ಲಿಲ್ಲ."

ಮೊರಿಯೊ ಹೆಂಡತಿಯ ಮುಖ ನೋಡಿದ. ಚಿಗುಸಾ ಎದ್ದು ಚಹಾದ ಕೆಟಲಿಗೆ ನೀರು ಹಾಕಲು ಹೋದಳು. ಕೆಟಲು ಆಗಲೇ ತುಂಬಿತ್ತು.

ಹೊರಗೆ ಹಸಿ ಹಿಮ ಬೀಳುತ್ತಿತ್ತು. ರಸ್ತೆಯ ನಡುವೆ ಅದಕ್ಕೆಂದೇ ಹೂತ ಕೊಳವೆಗಳ ತೂತುಗಳಿಂದ ಚಿಮ್ಮುವ ನೀರು ಅದನ್ನು ಬಿದ್ದಲ್ಲೇ ಕರಗಿಸುತ್ತಿತ್ತು. ನೀರಿನ ತುಕ್ಕು ಕಚ್ಚಿ ಬೀದಿಯೆಲ್ಲ ಕೆಂಪಗಾಗಿತ್ತು. ಕಾರ್ಖಾನೆ ಮನೆಯ ಹಿಂದೆಯೇ. ಉದ್ದನೆಯ ಕತ್ತಲ ಓಣಿ ದಾಟಿದರೆ ಸುಟ್ಟ ಜೇಡಿಮಣ್ಣಿನ ವಾಸನೆ, ಮಸಿ ಹಿಡಿದ ತೊಲೆಗಳು, ಕುಲುಮೆಯ ಗುಂಯ್ ಎನ್ನುವ ಉಸಿರು. ಚಿಗುಸಾ ಕಿಟಕಿಯ ಪಕ್ಕದ ತನ್ನ ಜಾಗದಲ್ಲಿ ಕೂತು ಚಹಾ ಡಬ್ಬಿ ತೆರೆದು ಒಂದೊಂದನ್ನೇ ಹೊರಗೆ ಇಟ್ಟಳು. ಹೊಟ್ಟೆ ಮುಚ್ಚಿಕೊಂಡು ಮುದುಡಿದ ಮಗು, ಗುಡುಗು ಬಂದು ಹೊಕ್ಕುಳ ಕಿತ್ತುಕೊಂಡು ಹೋಗುತ್ತದೆಂದು ಅಜ್ಜಿ ಹೆದರಿಸುತ್ತಿದ್ದ ಕಾಲದ ತಾನು. ಒಂದು ಗೋಡೆ, ಅದರ ನಡುವೆ ಒಳಗಿಂದ ಯಾರೋ ಒತ್ತಿದಂತೆ ಉಬ್ಬು. ಅದು ರಾತ್ರಿ ಪಕ್ಕದ ಕೋಣೆಯಿಂದ ಬರುವ ಅತ್ತೆಯ ಕೆಮ್ಮು, ನೋಡಿದವರಿಗೆ ಬರೀ ಗೋಡೆ. ಬಾಯಿ ತೆರೆದ ಮೀನು, ಬಾಯೊಳಗೆ ಹೆಂಗಸಿನ ಹಲ್ಲು. ಮೊದಲು ಯಾವುದನ್ನು ಮಾಡಿದಳೋ ನೆನಪಿಲ್ಲ. ಮಾಡಲು ಕಲಿಸಿದ್ದು ಮಾವ. ಧೂಪದ ಪಾತ್ರೆಗಳ ಮುಚ್ಚಳಕ್ಕೆ ಮಾವ ಮೊಲ, ಆಮೆ, ಹಕ್ಕಿಗಳನ್ನು ಮೇಣದಲ್ಲಿ ಮಾಡುತ್ತಿದ್ದ. ಜೇನುಮೇಣಕ್ಕೆ ಪೈನ್ ಮರದ ಅಂಟು ಬೆರೆಸಿ, ಅಂಗೈಯಲ್ಲಿಟ್ಟು, ಅದು ಮೈಯ ಬಿಸಿಗೆ ಮಣಿಯುವವರೆಗೆ ಸುಮ್ಮನಿರಬೇಕೆಂದು ತೋರಿಸಿದ. ಮೇಣದ ಮೇಲೆ ನುಣ್ಣನೆಯ ಜೇಡಿ, ಅದರ ಮೇಲೆ ಮರಳುಜೇಡಿ. ಒಣಗಿಸಿ ಬೆಂಕಿಗಿಟ್ಟರೆ ಮೇಣ ಅತ್ತುಕೊಂಡು ಹೊರಗೆ ಹರಿಯುತ್ತದೆ, ಒಳಗೆ ಅದರ ಆಕಾರದ ಕತ್ತಲೆ ಮಾತ್ರ ಉಳಿಯುತ್ತದೆ. ಆ ಕತ್ತಲೆಗೆ ಕಂಚು ಹೊಯ್ಯಬೇಕು. ಮಾವ ತೀರಿಕೊಂಡ ವರ್ಷ ಅವನ ಮೇಣದ ಉಂಡೆ ಹಾಗೇ ಉಳಿದಿತ್ತು. ಚಿಗುಸಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಏನೂ ಯೋಚಿಸದೆ ಕೂತಿದ್ದಾಗ ಬೆರಳುಗಳು ತಾವಾಗಿಯೇ ಒಂದು ಭಯವನ್ನು ಮಾಡಿ ಇಟ್ಟವು. ಹೊರಗೆ ಇಟ್ಟು ನೋಡಿದರೆ ಅದು ಎಷ್ಟು ಚಿಕ್ಕದು! ಎದೆಯೊಳಗಿದ್ದಾಗ ಮನೆಯಷ್ಟಿತ್ತು. ಮೊರಿಯೊ ಗಂಟೆಗಳ ಅಚ್ಚಿಗೆಲ್ಲ ಹೊಯ್ದು ಮುಗಿಸಿ, ಮೂಸೆಯ ತಳದಲ್ಲಿ ಉಳಿದದ್ದನ್ನು ತೋರಿಸಿ, ಏನಾದ್ರೂ ಇದ್ರೆ ತಾ, ಆರೋಕೆ ಮುಂಚೆ, ಎನ್ನುತ್ತಿದ್ದ. ಏನು ಮಾಡುತ್ತೀಯ, ಯಾಕೆ ಎಂದು ಒಂದು ಸಲವೂ ಕೇಳಿದವನಲ್ಲ. ಅದು ಪ್ರೀತಿಯೋ ಉದಾಸೀನವೋ ಎಂದು ಅವಳು ಹಲವು ವರ್ಷ ಯೋಚಿಸಿ ಕೈಬಿಟ್ಟಿದ್ದಳು.

ಕೈ ಎತ್ತಿದ ಹೆಂಗಸನ್ನು ಮಾಡಿದ್ದು ವಸಂತದಲ್ಲಿ. ಮೇಣದಲ್ಲಿ ಅವಳಿಗೆ ಬೆರಳುಗಳಿದ್ದವು, ಮಡಿಸಿದ ಗೆಣ್ಣುಗಳು, ತಟ್ಟಲು ಇನ್ನೇನು ಮುಟ್ಟಬೇಕು ಎನ್ನುವಂತೆ. ಅಚ್ಚು ಒಡೆದು ನೋಡಿದಾಗ ಬೆರಳುಗಳೇ ಇರಲಿಲ್ಲ. ಕಂಚು ಮಣಿಕಟ್ಟು ದಾಟಿ ಒಂದಿಷ್ಟು ಹೋಗಿ ಹೆಪ್ಪುಗಟ್ಟಿತ್ತು. ಅವಳಿಗೆ ಅಂದು ಅನ್ನಿಸಿದ್ದು, ಕಂಚಿಗೂ ಆ ಕಡೆಗೆ ಹೋಗುವುದು ಬೇಡವಾಯಿತು ಎಂದು. ಕರಗಿಸಿಬಿಡಬಹುದಿತ್ತು. ಅರದಿಂದ ಉಜ್ಜಿ, ಹತ್ತಿ ಬಟ್ಟೆ ಸುತ್ತಿ ಎಲ್ಲಕ್ಕಿಂತ ಕೆಳಗೆ ಇಟ್ಟಳು. ಹೊರಿಯೆ ಮೊದಲ ಸಲ ಬಂದು ಡಬ್ಬಿಯಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡಾಗ ಅದನ್ನು ಬಚ್ಚಿಡಲು ಆಗಲಿಲ್ಲ. ಆ ಹುಡುಗಿ ಅದನ್ನೇ ಎತ್ತಿ ಬೆಳಕಿಗೆ ಹಿಡಿದು, ಇದು ಇರಲೇಬೇಕು, ಎಂದಿದ್ದಳು. ಆಮೇಲೆ ಭವನದಲ್ಲಿ ಹತ್ತಾರು ಜನರ ನಡುವೆ ಎದ್ದು ನಿಂತು ಚಿಗುಸಾ ತನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿ ಬಂತು. ಎದ್ದಳು. ಎದುರಿಗೆ ಕೂತವರೆಲ್ಲ ನಗುಮುಖದಿಂದ ಕಾಯುತ್ತಿದ್ದರು. ಕೊನೆಗೆ ಅವಳ ಬಾಯಿಂದ ಬಂದದ್ದು, "ಉಳಿದ ಕಂಚಲ್ಲಿ ಮಾಡ್ತೀನಿ, ದಂಡ ಆಗಬಾರದು ಅಂತ." ಯಾರೋ ಮೆಚ್ಚಿ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಟ್ರಾಮಿನ ಕಿಟಕಿಯಲ್ಲಿ ತನ್ನ ಮುಖ ನೋಡಲಾರದೆ ಮಡಿಲನ್ನು ನೋಡುತ್ತ ಕೂತಿದ್ದಳು.

ಕಿಟಕಿಯ ಹೊರಗೆ ಗುಡುಗಿತು. ಹಿಮದ ನಡುವೆ ಗುಡುಗು ಬಂದರೆ ಹಿಮಿ ಬಂದರಿನ ಬಲೆಗಳಿಗೆ ಬುರಿ ಮೀನು ಬರುತ್ತದೆ. ಸಂಜೆಗೆ ಒಂದು ತುಂಡು ತರಬೇಕು, ಅತ್ತೆಗೆ ಮುಳ್ಳು ತೆಗೆದು ಕೊಡಬೇಕು ಎಂದು ಅವಳ ಮನಸ್ಸಿನ ಒಂದು ಭಾಗ ಲೆಕ್ಕ ಹಾಕಿತು. ಇನ್ನೊಂದು ಭಾಗ ಹೊಟ್ಟೆಯ ಮೇಲೆ ಕೈ ಮುಚ್ಚಿಕೊಂಡಿತು. ಮದುವೆಯಾಗಿ ಬಂದ ಮೊದಲ ಚಳಿಗಾಲವೂ ಹೀಗೇ ಗುಡುಗಿದಾಗ ಅವಳು ಅಭ್ಯಾಸಬಲದಿಂದ ಹೊಕ್ಕುಳ ಮುಚ್ಚಿಕೊಂಡಿದ್ದಳು. ಕಿನು ನೋಡಿ ಕಣ್ಣರಳಿಸಿದ್ದಳು. ಆ ಕಣ್ಣಲ್ಲಿ ಏನೋ ಆಸೆ ಹೊತ್ತಿಕೊಂಡದ್ದನ್ನು ಚಿಗುಸಾ ಕಂಡಿದ್ದಳು. ಅಯ್ಯೋ ಅದಲ್ಲ ಅಮ್ಮಾ, ಗುಡುಗಿಗೆ, ಎಂದಿದ್ದಳು. ಮಕ್ಕಳಾಗಲಿಲ್ಲ. ಆ ಬಗ್ಗೆ ಕಿನು ಒಂದು ದಿನವೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಡದೆ ಬಿಟ್ಟ ಮಾತು ಈ ಮನೆಯಲ್ಲಿ ವರ್ಷ ವರ್ಷವೂ ಒಂದೊಂದು ಪದರ ಜೇಡಿ ಬಳಿದುಕೊಂಡು ದಪ್ಪವಾಗುತ್ತ ಬಂದಿತ್ತು.

ಹೊರಿಯೆ ಬಂದದ್ದು ಊಟದ ಪಾತ್ರೆಗಳನ್ನು ತೊಳೆಯುತ್ತಿದ್ದಾಗ. ಭುಜದ ಮೇಲಿನ ಹಿಮ ಕೊಡವಿಕೊಂಡು, ಬಾಗಿ ಬಾಗಿ ನಮಸ್ಕರಿಸಿ, ಮೆತ್ತೆ ಹಾಸಿದ ಪೆಟ್ಟಿಗೆಯನ್ನು ಕಾರ್ಖಾನೆಯ ಮೇಜಿನ ಮೇಲೆ ತೆರೆದಳು. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಮಲಗಿಸಿದಳು, ತೊಟ್ಟಿಲಿಗೆ ಹಾಕಿದಂತೆ.

"ಒಂದು ಕಡಿಮೆ ಇದೆಯಲ್ಲಾ, ಚಿಗುಸಾ ಅವರೇ. ಆ ಕೈ ಎತ್ತಿದವಳು?"

ಚಿಗುಸಾ ಬಾಯಿ ತೆರೆಯುವ ಮುಂಚೆ ಗಂಟೆಯೊಂದನ್ನು ಕೆರೆಯುತ್ತಿದ್ದ ಮೊರಿಯೊ ತಲೆ ಎತ್ತದೆ ಹೇಳಿದ, "ಅವಳು ಬುದ್ಧ ಆಗಿಬಿಟ್ಲು. ಗೂಡಲ್ಲಿದಾಳೆ. ನಮ್ಮಮ್ಮ ಅನ್ನ ಇಡ್ತಾಳೆ."

"ಹೌದಾ!" ಹುಡುಗಿಯ ಕಣ್ಣು ಬೆಳಗಿದವು. "ನೋಡಬಹುದಾ?"

ಬೇಡ ಎನ್ನಲು ಚಿಗುಸಾಳಿಗೆ ಕಾರಣ ಸಿಗಲಿಲ್ಲ. ಮೂವರೂ ಓಣಿ ದಾಟಿ ಒಳಗೆ ಬಂದರು. ಕಿನು ಕೊತಾತ್ಸುವಿನಲ್ಲಿ ತೂಕಡಿಸುತ್ತಿದ್ದವಳು ಹೆಜ್ಜೆ ಸಪ್ಪಳಕ್ಕೆ ಎಚ್ಚರಗೊಂಡು ಅಪರಿಚಿತಳನ್ನು ಮೇಲಿಂದ ಕೆಳಗೆ ನೋಡಿದಳು. ಹೊರಿಯೆ ಮೊಣಕಾಲೂರಿ ಕೂತು ಗೂಡಿಗೆ ಕೈ ಮುಗಿದು, ಬುದ್ಧನಿಗೋ ಅವನ ಪಾದದ ಬಳಿಯ ಹೆಂಗಸಿಗೋ ತಿಳಿಯದಂತೆ ತಲೆ ಬಾಗಿಸಿದಳು.

"ಅಜ್ಜೀ, ಇವರನ್ನ ನಮ್ಮಲ್ಲಿಗೆ ಸ್ವಲ್ಪ ದಿನ ಕಳಿಸಿಕೊಡ್ತೀರಾ? ಜೋಪಾನವಾಗಿ ವಾಪಸ್ ತಂದು ಕೊಡ್ತೀನಿ."

"ಎಲ್ಲಿಗೆ?"

"ಪ್ರದರ್ಶನಕ್ಕೆ. ತುಂಬಾ ಜನ ನೋಡ್ತಾರೆ."

"ಯಾಕೆ, ಅವರವರ ಮನೇಲಿ ಇಲ್ವಾ ಬುದ್ಧ?"

ಮೊರಿಯೊ ಗೊಳ್ಳನೆ ನಕ್ಕ. "ಅಮ್ಮ, ಅದು ಬುದ್ಧ ಅಲ್ಲಮ್ಮ. ನಿನ್ನ ಸೊಸೆ ಮಾಡಿದ ಬೊಂಬೆ. ಇವಳು ತನಗೆ ಏನೇನು ಭಯವೋ ಅದನ್ನೆಲ್ಲ ಮಾಡ್ತಾಳೆ. ಇದು ಏನಿರಬೇಕು ಹೇಳು? ಬೆನ್ನು ಬಾಗಿದೆ, ಹೊಡೆಯೋಕೆ ಕೈ ಎತ್ತಿದಾಳೆ. ನೀನೇ ಇರಬೇಕು! ಅತ್ತೆ ಭಯ!"

ಹೊರಿಯೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಚಿಗುಸಾಳೂ ನಕ್ಕಳು, ನಗಬೇಕಾಗಿತ್ತು. ಮುಖದ ಚರ್ಮ ಎರಡಳತೆ ಚಿಕ್ಕದಾದ ಹಾಗೆ ಬಿಗಿದುಕೊಂಡಿತು. ಇವನು ಒಳ್ಳೆಯವನು, ಏನೂ ಗೊತ್ತಿಲ್ಲದವನು, ಗೊತ್ತಿಲ್ಲದೆಯೇ ಹತ್ತಿರ ಬಂದು ಎಡವಿ ಆಚೆ ಹೋದ ಎಂದುಕೊಂಡಳು. ಅಷ್ಟರಲ್ಲಿ ಹೊರಿಯೆ ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿ, "ಹೊಡೆಯೋ ಹಾಗಿಲ್ಲ. ಬಾಗಿಲು ತಟ್ಟೋ ಹಾಗಿದೆ, ಅಲ್ವಾ?" ಎಂದಳು.

"ತಟ್ಟಲ್ಲ ಅವಳು," ಎಂದಳು ಕಿನು.

ಅಷ್ಟೇ ಹೇಳಿದ್ದು. ಹೇಳಿ, ಹೊದಿಕೆಯ ಅಂಚನ್ನು ಕೈಯಿಂದ ಸವರಿ ಸವರಿ ನೆರಿಗೆ ತೆಗೆಯತೊಡಗಿದಳು. ಮೊರಿಯೊ ಏನೋ ತಮಾಷೆ ಹೇಳುತ್ತಿದ್ದ, ಹೊರಿಯೆ ಏನೋ ಕೇಳುತ್ತಿದ್ದಳು. ಅವರ ದನಿಗಳು ಚಿಗುಸಾಳಿಗೆ ನೀರಿನೊಳಗಿಂದ ಕೇಳಿದ ಹಾಗೆ ಕೇಳಿದವು. ಕೋಣೆಯಲ್ಲಿದ್ದ ಒಂದೊಂದು ವಸ್ತುವೂ ತನ್ನ ಜಾಗದಿಂದ ಒಂದು ಕೂದಲೆಳೆಯಷ್ಟು ಸರಿದು ನಿಂತಂತಿತ್ತು. ಬಚ್ಚಲಿನ ಆ ಗಾಜು ಮಸುಕಾದದ್ದು. ಹೊರಗಿದ್ದವರಿಗೆ ಒಳಗಿನದು ಕಾಣುವುದಿಲ್ಲ. ಆದರೆ ಅಡುಗೆಮನೆಯ ದೀಪ ಉರಿಯುತ್ತಿತ್ತಲ್ಲ, ತನ್ನ ಬೆನ್ನ ಹಿಂದೆ. ದೀಪ ಬೆನ್ನ ಹಿಂದಿದ್ದರೆ ಒಳಗಿದ್ದವರಿಗೆ ಹೊರಗಿನವರ ನೆರಳು ಅಚ್ಚೊತ್ತಿದ ಹಾಗೆ ಕಾಣುತ್ತದೆ. ಇಷ್ಟು ದಿನ ಇಷ್ಟು ಸರಳವಾದದ್ದು ತನಗೆ ಹೊಳೆಯಲೇ ಇಲ್ಲ.

"ಇದೊಂದು ಬೇಡ, ಹೊರಿಯೆ ಅವರೇ," ಎಂದಳು. ದನಿ ತನ್ನದೇ ಅನ್ನಿಸಲಿಲ್ಲ. "ಉಳಿದದ್ದು ತಗೊಂಡು ಹೋಗಿ. ಇದು ಇಲ್ಲೇ ಇರಲಿ."

ಹುಡುಗಿಗೆ ಬೇಸರವಾಯಿತು. ಆದರೂ ಬಾಗಿ ನಮಸ್ಕರಿಸಿ, ಪೆಟ್ಟಿಗೆ ಎತ್ತಿಕೊಂಡು ಹೋದಳು. ಮೊರಿಯೊ ಕಾರಿನವರೆಗೆ ಕೊಡೆ ಹಿಡಿದು ಕಳಿಸಿ, ಅಲ್ಲಿಂದಲೇ ಕಾರ್ಖಾನೆಗೆ ಹೋಗಿ ಕುಲುಮೆಗೆ ಗಾಳಿ ಹೆಚ್ಚಿಸಿದ. ಸಂಜೆಯ ಎರಕಕ್ಕೆ ಕಂಚು ಕಾಯಬೇಕಾಗಿತ್ತು.

ಮನೆಯಲ್ಲಿ ಇಬ್ಬರೇ ಉಳಿದರು. ಚಿಗುಸಾ ಅತ್ತೆಯ ಎದುರು ಕೊತಾತ್ಸುವಿನೊಳಗೆ ಕಾಲಿಟ್ಟು ಕೂತಳು. ಹೊದಿಕೆಯ ಕೆಳಗೆ ಅವಳ ಪಾದ ಅತ್ತೆಯ ಪಾದಕ್ಕೆ ತಾಗಿತು. ಉಣ್ಣೆಯ ಕಾಲುಚೀಲದೊಳಗೆ ಹಕ್ಕಿಯ ಕಾಲಿನಷ್ಟೇ ಹಗುರವಾದ ಪಾದ. ಹಿಂದಕ್ಕೆ ಎಳೆದುಕೊಳ್ಳಬೇಕೆನ್ನಿಸಿತು, ಎಳೆದುಕೊಳ್ಳಲಿಲ್ಲ. ಹಣ್ಣಿನ ತಟ್ಟೆಯಿಂದ ಕಿತ್ತಳೆಯೊಂದನ್ನು ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದಳು.

"ಅಮ್ಮಾ, ಅದನ್ನ ಡಬ್ಬಿಯಿಂದ ನೀವೇ ತೆಗೆದ್ರಾ?"

"ಹೂಂ."

"ಮಾವ ಮಾಡಿದ್ದು ಅಂದ್ರಿ."

"ಎದುರಿಗೆ ಮೊರಿಯೊ ಇದ್ನಲ್ಲ." ಕಿನು ಕಿತ್ತಳೆಯ ತೊಳೆಗೆ ಕೈ ಒಡ್ಡಿದಳು. "ಬಿಳೀ ನಾರು ತೆಗೆದು ಕೊಡು. ಗಂಟಲಿಗೆ ಸಿಕ್ಕುತ್ತೆ."

ಚಿಗುಸಾ ನಾರು ತೆಗೆದು ಕೊಟ್ಟಳು.

"ಅವತ್ತು ನೀವು ಹೂಂ ಅನ್ನಲಿಲ್ಲ."

"ಅನ್ನಲಿಲ್ಲ."

"ಕೇಳಿಸ್ಲಿಲ್ವಾ?"

"ಕೇಳಿಸ್ತು. ನನ್ನ ಕಿವಿಗೇನಾಗಿದೆ?" ಕಿನು ತೊಳೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಹೀರಿದಳು. "ನೋಡೋಣ ಅಂತ ಸುಮ್ನಿದ್ದೆ. ಇವಳು ಏನ್ ಮಾಡ್ತಾಳೆ ನೋಡೋಣ ಅಂತ. ನೀನು ಬಂದೆ. ಕೈ ಎತ್ತಿದೆ. ನಾನು ನೀರು ಅಲುಗಾಡದ ಹಾಗೆ ಕೂತಿದ್ದೆ. ನೀನೂ ಅಲುಗಾಡಲಿಲ್ಲ."

"ನನ್ನನ್ನ ಪರೀಕ್ಷೆ ಮಾಡಿದ್ರಾ?"

"ಪರೀಕ್ಷೆಯೋ ಏನೋ. ವಯಸ್ಸಾದವರಿಗೆ ಬೇರೆ ಏನು ಕೆಲಸ?"

ಸಿಟ್ಟು ಬರಬಹುದಿತ್ತು. ಚಿಗುಸಾ ಅದಕ್ಕಾಗಿ ಎದೆಯೊಳಗೆ ತಡಕಿದಳು, ಸಿಗಲಿಲ್ಲ. ಅಲ್ಲಿ ಆ ಕೋಣೆ ಮಾತ್ರ ಇತ್ತು, ಬಿಸಿಲು ಬಿದ್ದ ಚಾಪೆ, ಉಬ್ಬಿ ಇಳಿಯುವ ಪರದೆ. ಅದನ್ನು ಇಟ್ಟುಕೊಂಡು ಇನ್ನು ಈ ಮುಖದ ಎದುರು ಕೂತಿರಲಾಗದು ಎನ್ನಿಸಿತು. "ಅಮ್ಮಾ, ಅವತ್ತು ನಾನು ಹೆದರಿ ನಿಂತಿರ್ಲಿಲ್ಲ," ಎಂದಳು. "ಮೊದಲು ಹೆದರಿದ್ದೆ. ಆಮೇಲೆ... ಆಮೇಲೆ ನಿಮ್ಮ ಕೋಣೆ ಖಾಲಿಯಾದ್ರೆ ಹೇಗಿರುತ್ತೆ ಅಂತ ನೋಡ್ತಾ ಇದ್ದೆ. ಚೆನ್ನಾಗಿತ್ತು."

ಹೊರಗೆ ಟ್ರಾಮ್ ಹೋದ ಸದ್ದು ಬಂತು, ಹಿಮದಲ್ಲಿ ಅದ್ದಿ ತೆಗೆದ ಸದ್ದು. ಕಿನು ತಲೆ ತಗ್ಗಿಸಿಕೊಂಡು ಕೂತಿದ್ದಳು. ಅಳುತ್ತಾಳೇನೋ, ಅಥವಾ ಮತ್ತೆ ಎಲ್ಲ ಮರೆತು ತೂಕಡಿಸುತ್ತಿದ್ದಾಳೇನೋ ಎಂದು ಚಿಗುಸಾ ಬಾಗಿ ನೋಡಿದಳು. ಮುದುಕಿ ಕಿತ್ತಳೆಯ ಬೀಜವೊಂದನ್ನು ನಾಲಿಗೆಯ ತುದಿಯಲ್ಲಿ ಹುಡುಕುತ್ತಿದ್ದಳು. ಹುಡುಕಿ, ಬೆರಳಿನಿಂದ ತೆಗೆದು, ಸಿಪ್ಪೆಯ ಮೇಲಿಟ್ಟಳು.

"ಕಿಟಕಿ ತೆಗೆದಿತ್ತಾ?" ಎಂದು ಕೇಳಿದಳು.

"ಏನು?"

"ಆ ಕೋಣೆಯದು. ಕಿಟಕಿ ತೆಗೆದಿತ್ತಾ?"

"ತೆಗೆದಿತ್ತು."

"ನಾನೂ ನೋಡಿದೀನಿ ಅದನ್ನ. ನಮ್ಮತ್ತೆ ಕಾಯಿಲೆ ಬಿದ್ದು ಮಲಗಿದಾಗ. ಅದೇ ಕೋಣೆ. ನಾನು ನೋಡಿದಾಗ ಹೊರಗೆ ಒಂದು ಪ್ಲಮ್ ಮರ ಇತ್ತು, ಹೂ ಬಿಟ್ಟಿತ್ತು. ಈಗ ಅದನ್ನ ಕಡಿದು ಹಾಕಿದಾರೆ." ಕಿನು ಮುಖ ಎತ್ತಿದಳು. ಆ ಮುಖದಲ್ಲಿ ಕ್ಷಮೆಯೂ ಇರಲಿಲ್ಲ, ದೂರೂ ಇರಲಿಲ್ಲ. ಬಹಳ ದೂರದ ಊರೊಂದಕ್ಕೆ ಹೋಗಿ ಬಂದವಳು ಅಲ್ಲಿಗೆ ಹೋಗಿಬಂದ ಇನ್ನೊಬ್ಬಳನ್ನು ಕಂಡ ಕುತೂಹಲ ಮಾತ್ರ ಇತ್ತು. "ನಾನು ಯಾರಿಗೂ ಹೇಳಲಿಲ್ಲ. ನನಗೆ ಬೊಂಬೆ ಮಾಡೋಕೆ ಬರ್ತಿರ್ಲಿಲ್ಲ."

"ಮತ್ತೆ ಅದನ್ನ ಯಾಕೆ ಗೂಡಲ್ಲಿ ಇಟ್ರಿ? ನನಗೆ ನಾಚಿಕೆ ಆಗ್ಲಿ ಅಂತಾನಾ?"

"ನಿನಗೆ ನಾಚಿಕೆ ಆದ್ರೆ ನನಗೇನು ಸಿಗುತ್ತೆ?" ಕಿನು ಗದರಿದಳು. ಗದರಿದ್ದಕ್ಕೆ ಕೆಮ್ಮು ಬಂದು, ಕೆಮ್ಮಿ, ಸುಧಾರಿಸಿಕೊಂಡಳು. "ನೀರೊಳಗೆ ಕೂತು ನೋಡ್ತಾ ಇದ್ದೆ ಕಣೇ. ನೀರು ಆರ್ತಾ ಬಂತು. ನನಗೆ ಕೋಪ ಬಂತು, ಅಳು ಬಂತು, ಎಲ್ಲ ಬಂದು ಹೋಯ್ತು. ಆ ನೆರಳು ಮಾತ್ರ ಹೋಗಲಿಲ್ಲ. ತಟ್ಟಲಿಲ್ಲ, ಹೋಗಲೂ ಇಲ್ಲ. ಕೈ ಎತ್ಕೊಂಡು ನಿಂತೇ ಇತ್ತು. ಬುದ್ಧನೂ ಅಷ್ಟೇ ಅಲ್ವಾ ಮಾಡೋದು? ಎಂಬತ್ತು ವರ್ಷದಿಂದ ಕರೀತಾ ಇದೀನಿ. ಕೈ ಎತ್ಕೊಂಡು ನಿಂತಿದಾನೆ. ತಟ್ಟಲ್ಲ, ಹೋಗಲ್ಲ."

ಕಣ್ಣು ತುಂಬಿ ಬರಬಹುದೆಂದು ಚಿಗುಸಾ ಕಾದಳು. ಬರಲಿಲ್ಲ. ಬದಲಿಗೆ ನಗುವಿನಂಥದು ಏನೋ ಬಂತು. ಕೊನೆಗೆ ಕೆಮ್ಮಿ ತನ್ನನ್ನು ಆ ಬಾಗಿಲಿಂದ ಬಿಡಿಸಿದ್ದು ಇವಳೇ ಎಂದು ಹೊಳೆಯಿತು. ಅದು ಬೇಕೆಂದೇ ಕೆಮ್ಮಿದ ಕೆಮ್ಮೋ, ಚಳಿಗೆ ಬಂದ ಕೆಮ್ಮೋ? ಕೇಳಬಹುದಿತ್ತು. ಕೇಳಲಿಲ್ಲ.

"ಮೇಣ ಇದೆಯಾ?" ಎಂದಳು ಕಿನು.

"ಯಾಕಮ್ಮಾ?"

"ನನಗೂ ಒಂದು ಮಾಡಬೇಕು. ನಿನಗೆ ಮಾತ್ರಾನಾ ಭಯ ಇರೋದು?"

ಚಿಗುಸಾ ಓಣಿಯ ಕಡೆಗಿನ ಕಪಾಟಿನಿಂದ ಮೇಣದ ಉಂಡೆಯನ್ನು ತಂದು, ಚಳಿಗೆ ಕಲ್ಲಾಗಿದ್ದುದನ್ನು ಕೊತಾತ್ಸುವಿನ ಹೊದಿಕೆಯ ಕೆಳಗೆ ಸ್ವಲ್ಪ ಹೊತ್ತು ಹಿಡಿದು, ಅತ್ತೆಯ ಅಂಗೈಯಲ್ಲಿಟ್ಟಳು. ಕಿನು ಅದನ್ನು ತಿರುಗಿಸಿ ನೋಡಿದಳು, ಮೂಸಿದಳು. ಒಂದು ಕಡೆ ಚಿವುಟಿದಳು, ಆಮೇಲೆ ಚಿವುಟಿದ್ದನ್ನು ಮತ್ತೆ ಅಂಟಿಸಿದಳು. ಬೆರಳುಗಳಿಗೆ ಬಲ ಸಾಲುತ್ತಿರಲಿಲ್ಲ. ಅವಳ ಬಾಯಿ ತುಸು ತೆರೆದಿತ್ತು. ಹುಬ್ಬುಗಳ ನಡುವೆ ಮಗುವಿನ ಗೆರೆ ಮೂಡಿತ್ತು. ಹಗಲು ಇಳಿಯುತ್ತಿತ್ತು, ಹಿಮದ ಬೆಳಕು ಕಾಗದದ ಬಾಗಿಲುಗಳಿಗೆ ನೀಲಿ ಬಳಿಯುತ್ತಿತ್ತು. ಮನೆಯೆಲ್ಲ ಒಂದು ದೊಡ್ಡ ಬಟ್ಟಲಿನೊಳಗೆ ಕೂತ ಹಾಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಏನದು ಅಮ್ಮಾ?"

"ತಡಿ." ಕಿನು ಸೋತು ಉಸಿರುಬಿಟ್ಟಳು. "ಆಗ್ತಿಲ್ಲ ನನ್ನಿಂದ. ಕೈ ಕೊಡು ಇಲ್ಲಿ."

ಚಿಗುಸಾ ಕೈ ಕೊಟ್ಟಳು. ಕಿನು ಅದನ್ನು ಅಂಗಾತ ಮಾಡಿ, ಮೇಣದ ಉಂಡೆಯನ್ನು ನಡುವೆ ಇಟ್ಟು, ತನ್ನ ಅಂಗೈಯನ್ನು ಅದರ ಮೇಲಿಟ್ಟು ಒತ್ತಿದಳು. ಬೆರಳುಗಳನ್ನು ಬೆರಳುಗಳ ನಡುವೆ ತೂರಿಸಿ ಇನ್ನಷ್ಟು ಒತ್ತಿದಳು. ಅಷ್ಟು ಬಲ ಆ ಕೈಯಲ್ಲಿ ಎಲ್ಲಿತ್ತೋ. ಮೇಣ ಮೆಲ್ಲಗೆ ಮಣಿದು ಎರಡೂ ಕೈಗಳ ಗೆರೆಗಳೊಳಗೆ ಇಳಿಯುತ್ತಿರುವುದು ಚಿಗುಸಾಳಿಗೆ ತಿಳಿಯಿತು.

"ಇದೇ," ಎಂದಳು ಕಿನು. "ಇದನ್ನ ಎರಕ ಹೊಯ್ಯಿ."

"ಇದಕ್ಕೆ ಆಕಾರಾನೇ ಇಲ್ವಲ್ಲಾ."

"ಬಿಟ್ರೆ ಇರಲ್ಲ. ಅದಕ್ಕೇ ಬಿಡಬೇಡ, ಆರೋವರೆಗೂ."

ಓಣಿಯ ಆ ತುದಿಯಿಂದ ಮೊರಿಯೊನ ಕೂಗು ಬಂತು, "ಏ ಇವ್ಳೇ! ಕಂಚು ಕರಗಿದೆ, ಮೇಲೆ ತೇಲಿದ ಕಿಟ್ಟ ತೆಗೆಯೋಕೆ ಬಾರೇ! ಎಲ್ಲಿದೀಯಾ?"

ಚಿಗುಸಾ ಏಳಲು ಹೋದಳು. ಅತ್ತೆಯ ಕೈ ಸಡಿಲವಾಗಲಿಲ್ಲ.

"ತಡಿ ಅನ್ನು," ಎಂದಳು ಕಿನು, ಕಣ್ಣು ಮುಚ್ಚಿಕೊಂಡೇ.

"ಸ್ವಲ್ಪ ತಡೀರೀ," ಎಂದು ಚಿಗುಸಾ ಗಟ್ಟಿಯಾಗಿ ಕೂಗಿ ಹೇಳಿದಳು. "ಅಮ್ಮನ ಕೈ ಹಿಡ್ಕೊಂಡಿದೀನಿ."